ಸೊಸೆಯ ಗುಟುಕು

ಅಂಗಡಿಯ ಹಿಂದಿನ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಕಷಾಯದ ವಾಸನೆಯಿಂದ. ಯಜಮಾನರು ಬೇರು ಜಜ್ಜಿ ಕುದಿಸುವರು. ಅತ್ತೆ ಸೀಸೆ ತೊಳೆದು ಬೋರಲು ಹಾಕುವಳು. ಹೊಟ್ಟೆನೋವಿಗೆ ಊರೆಲ್ಲ ನಂಬಿದ್ದ ಔಷಧ ಅದು. ಬೇರು ಪ್ರತಿ ಸಲ ಒಂದೇ ತೆರನಾಗಿರುವುದಿಲ್ಲವೆಂದು, ಹೊಸ ಹಂಡೆಯ ಮೊದಲ ಲೋಟವನ್ನು ಮನೆಯ ಸೊಸೆ ಕುಡಿಯಬೇಕು. ಮರುದಿನ ಅವಳು ಎದ್ದು ಓಡಾಡಿದರೆ ಸೀಸೆಗಳಿಗೆ ಬಿರಡೆ ಬಿದ್ದು ಅಂಗಡಿಗೆ ಹೋಗುವವು. ಇದಕ್ಕೆ ಪರೀಕ್ಷೆ ಎಂದು ಹೆಸರು. ಮನೆಯ ಮಗಳಿಗೆ ಕುಡಿಸಿದ್ದನ್ನು ಯಾರೂ ಕಂಡಿಲ್ಲ.

ಹಿರಿಸೊಸೆ ಬಾಯಿ ಸತ್ತವಳು, ವರ್ಷಗಟ್ಟಲೆ ಕುಡಿದಳು. ಮೊದಲು ಊಟ ಸೇರದಾಯಿತು, ಆಮೇಲೆ ಕಣ್ಣು ಹಳದಿಯಾಯಿತು, ಕೊನೆಗೆ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಊದಿತು. "ಲಿವರ್ ಪೂರ್ತಿ ಹಾಳಾಗಿದೆ. ಏನು ಕುಡೀತಿದ್ರು?" ಎಂದು ಆಸ್ಪತ್ರೆಯ ಡಾಕ್ಟರು ಕೇಳಿದಾಗ ಯಜಮಾನರು, "ನೀರು, ಕಾಫಿ" ಎಂದರು. ಅತ್ತೆ ಗೋಡೆ ನೋಡುತ್ತ ನಿಂತಿದ್ದಳು. ಹಿರಿಸೊಸೆ ಮನೆಗೆ ಹೆಣವಾಗಿ ಬಂದಳು.

ತಿಂಗಳು ಕಳೆಯಿತು. ಹಂಡೆ ಮತ್ತೆ ಒಲೆಗೇರಿತು. ಈಗ ಸರದಿ ಕಿರಿಸೊಸೆಯದು, ಕಾಲೇಜಿನಲ್ಲಿ ವಿಜ್ಞಾನ ಓದಿದವಳು.

"ನಾನು ಕುಡಿಯಲ್ಲ, ಮಾವ."

"ಓದಿದ ನಾಲಿಗೆ ಮೊಳದುದ್ದ. ನಿಮ್ಮತ್ತೆ ಕುಡೀಲಿಲ್ವಾ? ಗುಂಡುಕಲ್ಲಿನ ಹಾಗಿದ್ದಾಳೆ."

"ಅತ್ತೆ ಉಳಿದ್ರು, ಅದಕ್ಕೇ ಸಾಕ್ಷಿಗೆ ಸಿಕ್ಕಿದ್ದಾರೆ. ಅಕ್ಕನ್ನ ಎಲ್ಲಿಂದ ಕರೆಸ್ತೀರಿ? ಹಿಂದೆ ಯಾರ ಮೇಲಾದ್ರೂ ಕಳ್ಳತನ ಹೊರಿಸಿ ಕಾದ ಎಣ್ಣೇಲಿ ಕೈ ಅದ್ದಿಸ್ತಿದ್ರಂತೆ. ಬೊಬ್ಬೆ ಬಂದ್ರೆ ತಪ್ಪು ಅವನದೇ, ಎಣ್ಣೇದಲ್ಲ. ನಮ್ಮನೇದೂ ಹಾಗೇ. ಸೊಸೆ ಸತ್ರೆ ಅವಳಿಗೇ ಏನೋ ಕಾಯಿಲೆ, ಕಷಾಯ ಮಾತ್ರ ಅಪ್ಪಟ."

"ಒಂದು ಲೋಟಕ್ಕೆ ಇಷ್ಟು ಭಾಷಣನಾ?"

"ನಿಧಾನಕ್ಕೆ ಕೊಲ್ಲೋದು ಮರುದಿನ ಕಾಣಿಸುತ್ತಾ? ದೊಡ್ಡ ಆಸ್ಪತ್ರೆಗಳಲ್ಲೂ ಹೊಸ ಔಷಧ ಮನುಷ್ಯರ ಮೇಲೆ ನೋಡ್ತಾರೆ, ಮಾವ. ಆದ್ರೆ ಅಪಾಯ ಏನಂತ ಮೊದಲೇ ಹೇಳ್ತಾರೆ, ಒಲ್ಲೆ ಅಂದೋರನ್ನ ಬಿಡ್ತಾರೆ. ಅಕ್ಕನ್ನ ಯಾರಾದ್ರೂ ಕೇಳಿದ್ರಾ?"

ಯಜಮಾನರು ಲೋಟವನ್ನು ಹೆಂಡತಿಯ ಕೈಗೆ ತುರುಕಿದರು. "ಸೊಸೆ ಹೇಗೆ ಕುಡೀಬೇಕು ಅಂತ ನೀನೇ ಕಲಿಸು."

ಅತ್ತೆ ಈ ಮನೆಗೆ ಯಜಮಾನರ ಎರಡನೆಯ ಹೆಂಡತಿಯಾಗಿ ಬಂದವಳು. ಮೊದಲನೆಯವಳು ಕಾಮಾಲೆಯಾಗಿ ತೀರಿಕೊಂಡಳು ಎಂದಷ್ಟೇ ಹೇಳಿದ್ದರು. ಆಕೆ ಹೆಚ್ಚು ಕೇಳಿರಲಿಲ್ಲ; ಹೊಸ ಸೊಸೆ ಕೇಳುವ ಮಾತಲ್ಲ ಅದು. ಆಮೇಲೆ, ಹಿರಿಸೊಸೆಯ ಕೈಗೆ ತಾನೇ ಲೋಟ ಕೊಡುವಾಗಲೂ ಕೇಳಿಕೊಳ್ಳಲಿಲ್ಲ.

ಅತ್ತೆ ಕಿರಿಸೊಸೆಯ ಕಡೆ ಹೋಗಲಿಲ್ಲ. ಲೋಟ ಹಿಡಿದು ಅಂಗಡಿಗೆ ನಡೆದಳು. ಗಲ್ಲಾಪೆಟ್ಟಿಗೆಯ ಮುಂದೆ ಹಳೆಯ ಗಿರಾಕಿ ಕಾಯುತ್ತಿದ್ದ.

"ಹೊಸದಾ ಅಮ್ಮ? ಸೊಸೆ ಕುಡಿದಾಯ್ತಾ?"

"ಕುಡಿದಳು. ಹೋದ ತಿಂಗಳು ಸತ್ತಳು."

"ಅಯ್ಯೋ, ಅದು ಏನೋ ಕಾಯಿಲೆ ಅಂತಿದ್ರು?"

ಅತ್ತೆ ಲೋಟವನ್ನು ಅವನ ಮುಂದಿಟ್ಟಳು. "ಇದೇ ಆ ಕಾಯಿಲೆ. ನಾನೇ ಕೈಯಾರೆ ಕೊಟ್ಟಿದ್ದು."

ಅವನು ಲೋಟ ನೋಡಿದ, ಆಕೆಯ ಮುಖ ನೋಡಿದ, ಮೆಟ್ಟಿಲಿಳಿದು ಹೋದ. ಒಳಗಿನಿಂದ ಯಜಮಾನರು ಕೂಗುತ್ತಲೇ ಇದ್ದರು. ಅತ್ತೆ ತಿರುಗಲಿಲ್ಲ. ಮುಂದಿನ ಗಿರಾಕಿಗೂ ಹೇಳಬೇಕಿತ್ತು, ಕಾಯುತ್ತ ನಿಂತಳು.