ಮುಖ ಕಾಣುವ ನೆಲ

ಕಾಪುವಿನ ಕಲಾಶಾಲೆಯನ್ನು ಊರವರು ಸೇರಿ ರಿಪೇರಿ ಮಾಡಿಸಿದ್ದು ಎಂಬತ್ತೊಂದರಲ್ಲಿ. ಆಗ ನನಗೆ ಹದಿನೇಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಹುಡುಗಿ ನಾನು, ಗುತ್ತಿಗೆದಾರ ವಲೇರಿಯನ್ ಅವರ ಕೈಕೆಳಗೆ ಗೋಡೆ ಕಟ್ಟುವ ಕೆಂಪು ಮುರಕಲ್ಲು ಹೊರುತ್ತಿದ್ದೆ. ಅವರು ಕ್ರಿಸ್ತುವರು, ನಾವೆಲ್ಲ ಅವರನ್ನು ಪೊರ್ಬುಗಳು ಎಂದೇ ಕರೆಯುವುದು.

ನೃತ್ಯದ ಕೋಣೆಯಲ್ಲಿ ಮೊದಲು ಸೆಗಣಿ ಸಾರಿಸಿದ ನೆಲವಿತ್ತು. ಅದನ್ನು ಅಗೆದು ಸಿಮೆಂಟು ಹಾಕಿ, ಮೇಲೆ ಕೆಂಪು ಕಾವಿ ಎಳೆದರು. ಅದನ್ನು ಉಜ್ಜಬೇಕಾದ ಹೆಂಗಸಿಗೆ ಜ್ವರ ಬಂದದ್ದರಿಂದ ಪೊರ್ಬುಗಳು ಹೊಳೆಯ ಉರುಟು ಕಲ್ಲನ್ನು ನನ್ನ ಕೈಗೆ ಕೊಟ್ಟರು. ಮುಖ ಕಾಣುವ ಹಾಗೆ ಉಜ್ಜಿದರೆ ಮುಂದೆ ಕಾರ್ಕಳದಲ್ಲಿ ಒಪ್ಪಿಕೊಂಡ ಗುತ್ತಿಗೆಯಲ್ಲೂ ನೆಲದ ಕೆಲಸಕ್ಕೇ ಹಾಕುತ್ತೇನೆ, ಕಲ್ಲು ಹೊರುವುದು ಬೇಡ ಎಂದರು. ಹೊತ್ತು ಹೊತ್ತು ನನ್ನ ನೆತ್ತಿಯ ಕೂದಲು ಆಗಲೇ ಉದುರಿತ್ತು.

ಎಂಟು ದಿನ ಉಜ್ಜಿದೆ. ಕೊನೆಗೆ ತೆಂಗಿನೆಣ್ಣೆ ಸವರಿದೆ. ಕಿಟಕಿಯ ಸರಳುಗಳು ನೆಲದಲ್ಲಿ ಒಂದೊಂದಾಗಿ ಕಂಡವು. ಪೊರ್ಬುಗಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು.

ಮರುದಿನ ನೃತ್ಯ ಕಲಿಸುವ ಕುಶಲಾ ಟೀಚರ್ ಮಕ್ಕಳನ್ನು ಕರೆತಂದರು. ಚಂದ ಉಂಟು ಎಂದರು. ಹುಡುಗಿಯರು ಸಾಲಾಗಿ ನಿಂತು ಹೆಜ್ಜೆ ಹಾಕತೊಡಗಿದರು. ಸ್ವಲ್ಪ ಹೊತ್ತಿಗೇ ಇಬ್ಬರು ಜಾರಿಬಿದ್ದರು. ಒಬ್ಬಳ ಮೊಣಕೈ ಊದಿತು.

ಟೀಚರ್ ನನ್ನನ್ನು ಕರೆದು, ಮರಳು ಹಾಕಿ ಉಜ್ಜಿ ನೆಲವನ್ನು ಸ್ವಲ್ಪ ತರಿತರಿ ಮಾಡು ಎಂದರು. ಪೊರ್ಬುಗಳಿಗೆ ಅದು ಕೇಳಿಸಿತು. ಭಾನುವಾರ ಶಾಲೆಯ ಕಮಿಟಿಯವರು ನೋಡಲು ಬರುತ್ತಾರೆ, ಯಾರೂ ನೆಲ ಮುಟ್ಟಬಾರದು ಎಂದರು.

"ಮಕ್ಕಳಿಗೆ ಮೆಲ್ಲ ಕುಣಿಯಲಿಕ್ಕೆ ಹೇಳಿ ಟೀಚರೇ."

"ಮೆಲ್ಲ ಹೋಗಲಿಕ್ಕೆ ಇದೆಂತ ಮದುವೆ ದಿಬ್ಬಣವಾ ಪೊರ್ಬುಗಳೇ?"

ಇಬ್ಬರೂ ನನ್ನತ್ತ ನೋಡಿದರು. ನನಗೆ ತಲೆಬುಡ ತಿಳಿಯಲಿಲ್ಲ. ನೆಲ ಒಳ್ಳೆಯದಾಗಿದ್ದರೆ ಮಕ್ಕಳು ಯಾಕೆ ಬಿದ್ದರು? ಕೆಟ್ಟದ್ದಾಗಿದ್ದರೆ ಪೊರ್ಬುಗಳು ಯಾಕೆ ಚಪ್ಪಲಿ ಬಿಟ್ಟರು?

"ಉಜ್ಜಿದವಳು ನೀನು ಗುಣವತಿ. ನೀನೇ ಹೇಳು ಮಾರಾಯ್ತಿ" ಎಂದರು ಟೀಚರ್.

 ಹುಡುಗಿ ಬಿದ್ದ ಜಾಗದಲ್ಲಿ ನಿಂತು, ಮಕ್ಕಳು ಕುಣಿಯುವುದನ್ನು ಕಿಟಕಿಯಿಂದ ನೋಡಿದ್ದ ಹಾಗೆ ಒಮ್ಮೆ ಕಾಲು ಬಡಿದೆ. ಹಿಮ್ಮಡಿ ಜಾರಿತು. ಗೋಡೆ ಹಿಡಿದುಕೊಂಡೆ. ಮಕ್ಕಳು ನಕ್ಕರು.

ಹೊರಗೆ ಹೋಗಿ ಒಂದು ಬೋಗುಣಿ ಮರಳು, ದೊರಗು ಕಲ್ಲು ತಂದು ಕುಳಿತೆ. ಮೊದಲ ಗೀರು ಬಿದ್ದಾಗ ಹಲ್ಲು ಜುಮ್ಮೆಂದಿತು. ಪೊರ್ಬುಗಳು ಬಾಗಿ ಆ ಗೀರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಅರ್ಧಂಬರ್ಧ ಬಿಡಬೇಡ. ಉಜ್ಜುವುದಾದರೆ ಗೋಡೆಯವರೆಗೆ ಉಜ್ಜು."

ಅದು ಸಿಟ್ಟೋ, ಕೆಲಸ ಕಲಿಸಿದ್ದೋ ಗೊತ್ತಾಗಲಿಲ್ಲ. ಸಂಜೆ ಅವರು ಸೈಕಲ್ ಹತ್ತುವಾಗ ಧೈರ್ಯ ಮಾಡಿ ಹತ್ತಿರ ಹೋದೆ. ನಾಳೆ ಎಲ್ಲಿಗೆ ಬರಬೇಕು ಎಂದು ಕೇಳಿದೆ. ಇಲ್ಲಿಗೇ, ಇದು ಮುಗಿಯಲಿ ಎಂದರು.

"ಕಾರ್ಕಳಕ್ಕೆ?"

"ಅಲ್ಲಿಯದ್ದು ಅಂಗಡಿಯ ನೆಲ. ಅಲ್ಲಿ ಯಾರೂ ಕುಣಿಯುವುದಿಲ್ಲ."

ಅಷ್ಟು ಹೇಳಿ ಹೊರಟುಹೋದರು. ಅಲ್ಲಿ ಹೊಳಪು ತರಲು ಬಾ ಎಂದರೋ, ಹೊಳಪು ಕೆಡಿಸಿದವಳು ಬೇಡ ಎಂದರೋ? ಪಡುಬಿದ್ರಿಯಲ್ಲಿ ಬಸ್ಸು ಇಳಿದು ಮನೆಗೆ ನಡೆಯುವಾಗಲೂ ನನಗೆ ತಿಳಿಯಲಿಲ್ಲ.