ವಾರವಿಲ್ಲದ ದಿನ

ನಾನೊಂದು ಕ್ಯಾಲೆಂಡರ್. ಹದಿಮೂರು ತಿಂಗಳ ಕ್ಯಾಲೆಂಡರ್. ನಗಬೇಕಿದ್ದರೆ ಈಗಲೇ ನಕ್ಕುಬಿಡಿ. ಗದಗಿನ ಪ್ರೆಸ್ಸಿನಲ್ಲಿ ನನ್ನನ್ನು ಮುದ್ರಿಸಿದವರೂ ನಕ್ಕಿದ್ದರು. ಅಚ್ಚಿನ ಮೊಳೆ ಜೋಡಿಸುವಾತ, "ಮಾಸ್ತರ, ಒಂದು ತಿಂಗಳ ಹೆಚ್ಚಾಗೇತ್ರಿ" ಎಂದ.

"ಹೆಚ್ಚಾಗಿಲ್ಲೋ, ಸಮ ಆಗೇತಿ" ಎಂದರು ನನ್ನನ್ನು ಬರೆದ ಈರಬಸಪ್ಪ ಮಾಸ್ತರರು.

ಅವರು ಗಣಿತ ಕಲಿಸುವವರು. ಒಂದು ತಿಂಗಳಿಗೆ ಮೂವತ್ತೊಂದು ದಿನ, ಇನ್ನೊಂದಕ್ಕೆ ಇಪ್ಪತ್ತೆಂಟು ಎಂಬ ಹಂಚಿಕೆ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೇ ನನ್ನಲ್ಲಿ ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ. ಎಲ್ಲವೂ ರವಿವಾರ ಹುಟ್ಟಿ ಶನಿವಾರ ಮುಗಿಯುತ್ತವೆ. ಜೂನ್ ಮತ್ತು ಜುಲೈ ನಡುವಿನ ಹೊಸ ತಿಂಗಳ ಹೆಸರು ನಡುಮಾಸ. ಹೀಗೆ ಹಂಚಿದ ಮೇಲೆ ಒಂದು ದಿನ ಉಳಿಯಿತು. ಅದಕ್ಕೆ ಕೊನೆಯಲ್ಲಿ ಒಂದು ಕೆಂಪು ಚೌಕ: 'ವಾರವಿಲ್ಲದ ದಿನ. ಎಲ್ಲರಿಗೂ ಸಂಪೂರ್ಣ ವಿಶ್ರಾಂತಿ.' ಹಾಗಾಗಿ ಎಲ್ಲ ವರ್ಷಗಳಿಗೂ ನಾನೊಬ್ಬನೇ ಸಾಕು. ನನ್ನ ಬಂಧುಗಳು ಹೊಸ ವರ್ಷ ಬಂದೊಡನೆ ಶಾಲೆಯ ಪುಸ್ತಕಗಳಿಗೆ ಹೊದಿಕೆಯಾಗುತ್ತಾರೆ. ನಾನು ಆಗುವುದಿಲ್ಲ ಎಂದು ಹುಟ್ಟಿದ ದಿನವೇ ಹಠ ಹಿಡಿದೆ.

ಆ ವರ್ಷ ಜನವರಿ ಒಂದು ರವಿವಾರವೇ ಬಂದಿತ್ತು. ಮಾಸ್ತರರು ನನ್ನನ್ನು ಪಡಸಾಲೆಗೆ ತೂಗುಹಾಕಿ ಬಂದವರಿಗೆಲ್ಲ ವಿವರಿಸಿದರು. ಅವರ ಹೆಂಡತಿ ಬಸಲಿಂಗವ್ವ ಮಾತ್ರ ನನ್ನತ್ತ ನೋಡಲೂ ಇಲ್ಲ. ಐದಕ್ಕೆ ಎದ್ದು ರೊಟ್ಟಿ ಬಡಿಯುವವಳಿಗೆ ಏಳೂ ವಾರ ಒಂದೇ ಆಗಿದ್ದವು.

ವರ್ಷದ ಕೊನೆಯ ದಿನ ಬಂತು. ಊರಿಗೆ ಅಂದು ರವಿವಾರ. ಎಂಟಾದರೂ ಒಲೆ ತಣ್ಣಗಿತ್ತು. ಬಸಲಿಂಗವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ರವಿವಾರ ಎಲ್ಲಾರೂ ಮನ್ಯಾಗ ಇರ್ತೀವಿ, ಅಡಿಗಿ ಇಲ್ಲಂದ್ರ ಹೆಂಗ?" ಎಂದರು ಮಾಸ್ತರರು.

"ಯಾವ ರವಿವಾರ? ಇವತ್ತ ವಾರನ ಇಲ್ಲಂತ ನೀವ ಅಚ್ಚ ಹಾಕಿಸೀರಿ. ಎಲ್ಲಾರಿಗೂ ವಿಶ್ರಾಂತಿ ಅಂತ ಬರದೀರಿ. ಆ ಎಲ್ಲಾರಾಗ ನಾ ಬರೂದಿಲ್ಲೇನು?"

ಮಾಸ್ತರರು ಚುರುಮುರಿ ತಿಂದು ಮಲಗಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಹೇಳತೀರದು.

ಮರುದಿನ ನನ್ನ ಲೆಕ್ಕಕ್ಕೆ ರವಿವಾರ, ಊರಿಗೆ ಸೋಮವಾರ. ಮಾಸ್ತರರು ಶಾಲೆಗೆ ಹೋಗದೆ ಪೇಪರ್ ಓದುತ್ತ ಕೂತರು. ಹೆಡ್‌ಮಾಸ್ತರರು ಜವಾನನನ್ನು ಕಳಿಸಿ ಕರೆಸಿಕೊಂಡರು. ಎಲ್ಲರೆದುರು ಬೈಸಿಕೊಂಡು ಬಂದವರೇ ನನ್ನನ್ನು ಸುತ್ತಿ ಕಪಾಟಿನ ಮೇಲೆ ಎಸೆದರು. ನನಗೆ ಮೈಯೆಲ್ಲ ಉರಿಯಿತು. ಹುಟ್ಟಿಸಿದವನೇ ಒಂದು ಬೈಗುಳಕ್ಕೆ ಕೈಬಿಡುವುದೆ!

ಬಸಲಿಂಗವ್ವ ನನ್ನನ್ನು ಕೆಳಗಿಳಿಸಿ ದೂಳು ಝಾಡಿಸಿದಳು. ಒಲೆಯ ಮೇಲಿನ ಗೋಡೆಗೆ ಗುಂಡುಕಲ್ಲಿನಿಂದ ಮೊಳೆ ಹೊಡೆದಳು.

"ನೀವ ಬಿಟ್ಟರ ಬಿಡ್ರಿ. ನಾ ಬಿಡೂದಿಲ್ಲ" ಎಂದಳು.

ಅಂದಿನಿಂದ ಪ್ರತಿವರ್ಷ ಕೊನೆಯ ದಿನ ಒಲೆ ಉರಿಯಲಿಲ್ಲ. ಅತ್ತೆ ಗೊಣಗಿದರು, ನೆಂಟರು ಮುನಿಸಿಕೊಂಡರು. ಅವಳು ಕಟ್ಟೆಯಿಂದ ಏಳಲಿಲ್ಲ.

ಮಗಳು ಕಸ್ತೂರಿ ಓದು ಕಲಿತಾಗ ನನ್ನ ಅಂಚಿನ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿಬಿಟ್ಟಳು: 'ನಾಲ್ಕು ವರ್ಷಕ್ಕೊಮ್ಮೆ ಇಂಥ ದಿನ ಎರಡು.' ಬಸಲಿಂಗವ್ವ ಲಟ್ಟಣಿಗೆ ಕೆಳಗಿಟ್ಟು ಗಂಡನನ್ನೇ ನೋಡಿದಳು.

"ಲೆಕ್ಕದ ಮಾಸ್ತರಾಗಿ ನನ್ನ ದಿನಾನ ಮುಚ್ಚಿಟ್ರಿ?"

ಮಾಸ್ತರರು ಕೆಂಪು ಪೆನ್ಸಿಲ್ ತಂದು ನನ್ನ ಮೇಲೆ ಎರಡನೆಯ ಚೌಕ ಬರೆದರು. ಗೆರೆ ಸ್ವಲ್ಪ ಸೊಟ್ಟಗೆ ಬಂತು. ಅವರನ್ನು ಅಂದೇ ಕ್ಷಮಿಸಿದೆ.

ಕಸ್ತೂರಿ ಮದುವೆಯಾಗಿ ಧಾರವಾಡಕ್ಕೆ ಹೊರಟಾಗ ತಾಯಿ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ನನ್ನನ್ನಿಟ್ಟಳು. ಅಳಿಯ ಬಿಚ್ಚಿ ನೋಡಿ, "ಯಾವ ಕಾಲದ್ದಿದು? ರದ್ದಿಗೆ ಹಾಕು" ಎಂದ.

"ಹಾಕೂಣಂತ. ಮೊದಲ ಕೆಳಗಿನ ಎರಡು ಚೌಕ ಓದ್ರಿ" ಎಂದಳು ಕಸ್ತೂರಿ. ಅವನು ಓದುವಷ್ಟರಲ್ಲಿ ಅವಳು ಮೊಳೆ ಹುಡುಕಿದ್ದಳು.

ಈಗ ನನ್ನ ಅಂಚು ಹರಿದಿದೆ. ಹೊಗೆಗೆ ನಡುಮಾಸ ಪೂರ್ತಿ ಕಪ್ಪಾಗಿದೆ. ಜಗತ್ತು ಇನ್ನೂ ಮೂವತ್ತು, ಮೂವತ್ತೊಂದು ಎಂದು ಬೆರಳ ಗೆಣ್ಣು ಎಣಿಸುತ್ತಿದೆ. ಎಣಿಸಲಿ. ನಾನು ತಪ್ಪಲ್ಲ, ಇಳಿಯುವುದೂ ಇಲ್ಲ. ಅನುಮಾನವಿದ್ದರೆ ನಿಮ್ಮ ಲೆಕ್ಕದ ಡಿಸೆಂಬರ್ ಮೂವತ್ತೊಂದಕ್ಕೆ ಈ ಮನೆಗೆ ಬನ್ನಿ. ಒಂದು ಲೋಟ ಚಹಾ ಕೂಡ ಸಿಗುವುದಿಲ್ಲ.