ಮತ್ತಿಮರದ ಕ್ಯಾಮೆರಾ

ನಾನು ಮರಕ್ಕೆ ಕಟ್ಟುವ ಜಾತಿಯ ಕ್ಯಾಮೆರಾ. ಗುಂಡಿ ಒತ್ತಲು ನನ್ನ ಹಿಂದೆ ಯಾರೂ ನಿಲ್ಲಬೇಕಿಲ್ಲ. ಮೈಬಿಸಿಯಿರುವ ಜೀವವೊಂದು ಎದುರಿಗೆ ಅಲುಗಾಡಿದರೆ ಸಾಕು, ನಾನಾಗಿಯೇ ಚಿತ್ರ ತೆಗೆದು, ಕೆಳಗೆ ದಿನ, ಗಂಟೆ, ನಿಮಿಷ ನಮೂದಿಸುತ್ತೇನೆ. ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಯಾರ ಕಣ್ಣಿಗೂ ಬೀಳದಿರಲೆಂದು ಅಲ್ಲಿ ನನ್ನ ಮೈಗೆ ತೊಗಟೆಯ ಬಣ್ಣ ಬಳಿದರು.

ನನ್ನನ್ನು ಮೊದಲು ತರಿಸಿಕೊಂಡವರು ಸಕಲೇಶಪುರದ ಕಡೆಯ ಒಬ್ಬ ಕಾಫಿ ತೋಟದ ಸಾಹುಕಾರರು. ಮೆಣಸು ಕದಿಯುವವರನ್ನು ಹಿಡಿಯಬೇಕಿತ್ತು ಅವರಿಗೆ. ಒಂದು ವರ್ಷ ಪೂರ್ತಿ ನಾನು ಮಂಗಗಳನ್ನೂ ಅವರದೇ ನಾಯಿಯನ್ನೂ ತೋರಿಸಿದೆ. ಬೇಸತ್ತ ಸಾಹುಕಾರರು ತಮ್ಮ ಜೀಪು ರಿಪೇರಿ ಮಾಡುವ ಹೂವಪ್ಪನ ಕೈಗೆ ನನ್ನನ್ನು ಕೊಟ್ಟುಬಿಟ್ಟರು.

ಹೂವಪ್ಪನಿಗೆ ಗ್ಯಾರೇಜು ಹೊಟ್ಟೆಪಾಡು, ಜೀವವೆಲ್ಲ ಶಿಕಾರಿಯ ಮೇಲೆ. ಅದು ಕಾನೂನಿಗೆ ವಿರುದ್ಧವೆಂದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಊರಾಚೆಯ ಗೋಮಾಳ ಸರ್ಕಾರದ್ದು. ಸೌದೆಗೆ, ಸೊಪ್ಪಿಗೆ, ಅಣಬೆಗೆ ಯಾರು ಬೇಕಾದರೂ ಹೋಗುವ ಜಾಗ. ಅದಕ್ಕೆ ಅಂಟಿಕೊಂಡ ದೊಡ್ಡ ಕಾಡಿನಿಂದ ಕಡವೆಗಳು ಬೆಳಗಿನ ಹೊತ್ತು ಹಳ್ಳದ ನೀರಿಗೆ ಇಳಿಯುತ್ತಿದ್ದವು. ಕುದುರೆಯಷ್ಟು ಎತ್ತರದ ಆ ಜಿಂಕೆಗಳು ಯಾವ ದಾರಿ ಹಿಡಿದವು, ಎಷ್ಟು ಹೊತ್ತಿನ ಹಿಂದೆ ಹೋದವು ಎಂದು ಹೆಜ್ಜೆ ನೋಡಿ ಹೇಳುತ್ತಿದ್ದವನು ಇನಾಸ. ಇಪ್ಪತ್ತೈದು ವರ್ಷ ಹೂವಪ್ಪನ ಮುಂದೆ ಮುಂದೆ ನಡೆದವನು. ಈಗ ಅರವತ್ತು ದಾಟಿ, ಮಂಡಿ ಹಿಡಿದುಕೊಂಡಿತ್ತು.

ಹೂವಪ್ಪ ನನ್ನನ್ನು ಅವನಿಗೆ ತೋರಿಸಿದ ದಿನ ಗ್ಯಾರೇಜಿನಲ್ಲಿ ಅವರಿಬ್ಬರೇ ಇದ್ದರು.

"ಇನಾಸಣ್ಣ, ಇನ್ಮೇಲೆ ನೀನು ಮಂಡಿ ನೋಯಿಸ್ಕೊಂಡು ಕಾಡು ಸುತ್ತೋದು ಬೇಡ. ಯಾವ ಪ್ರಾಣಿ ಎಷ್ಟು ಗಂಟೆಗೆ ಬಂತು ಅಂತ ಇದೇ ಹೇಳುತ್ತೆ."

ಇನಾಸ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ. "ನಾಳೆ ಬರುತ್ತೋ ಇಲ್ವೋ, ಅದನ್ನೂ ಹೇಳುತ್ತಾ?"

"ಹತ್ತು ದಿನ ಬಂದಿದ್ದು ಹನ್ನೊಂದನೇ ದಿನ ಬರದೆ ಇರುತ್ತಾ ಮಾರಾಯ?"

"ಸರಿ ಬಿಡು," ಎಂದು ಇನಾಸ ನನ್ನನ್ನು ಮೇಜಿನ ಮೇಲಿಟ್ಟ. ಆಮೇಲೆ ಕೋಲೂರಿ ಎದ್ದು ಹೋದ.

ಹಳ್ಳದ ದಾರಿಯ ಮತ್ತಿಮರಕ್ಕೆ ಹೂವಪ್ಪ ನನ್ನನ್ನು ಸೊಂಟದೆತ್ತರದಲ್ಲಿ ಬಿಗಿದ. ಎಂಟನೇ ದಿನಕ್ಕೆ ಒಂದು ಗಂಡು ಕಡವೆ ಕಾಣಿಸಿಕೊಂಡಿತು. ಮಾರನೆಯ ದಿನವೂ ಬಂತು. ಬೆಳಿಗ್ಗೆ ಆರೂಕಾಲು, ಆರೂ ಇಪ್ಪತ್ತು, ಹೆಚ್ಚೆಂದರೆ ಆರೂವರೆ. ಹೂವಪ್ಪ ವಾರಕ್ಕೊಮ್ಮೆ ಬಂದು ನನ್ನೊಳಗಿನ ಕಾರ್ಡನ್ನು ಮೊಬೈಲಿಗೆ ಸಿಕ್ಕಿಸಿ, ಮರದ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಕೊಂಬಿನ ಕವಲು ಎಣಿಸುವಾಗ ಅವನ ಮುಖ ಅರಳುತ್ತಿತ್ತು.

ಆ ಚಿತ್ರಗಳ ನಡುವೆ ಇನಾಸನೂ ಇದ್ದ. ಬೇಡವೆಂದರೂ ಅವನ ಕಾಲು ಕೇಳುತ್ತಿರಲಿಲ್ಲ. ಕಂದು ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಬಂದು, ಕೋಲೂರಿ ಬಗ್ಗಿ, ಮಣ್ಣು ಮುಟ್ಟಿ ನೋಡಿ ಹೋಗುತ್ತಿದ್ದ. ಅದೂ ಬೆಳಗಿನ ಹೊತ್ತಿನಲ್ಲೇ. "ಈ ಮುದುಕಂಗೆ ಮನೇಲಿ ಕೂರೋಕಾಗಲ್ಲ," ಎಂದು ಹೂವಪ್ಪ ನಗುತ್ತಾ, ಕಾರ್ಡಿನಲ್ಲಿ ಜಾಗ ಸಾಲದೆಂದು ಆ ಚಿತ್ರಗಳನ್ನೆಲ್ಲ ಅಳಿಸುತ್ತಿದ್ದ. ಅವನ ಕಣ್ಣು ಹುಡುಕುತ್ತಿದ್ದದ್ದು ಕಡವೆಯನ್ನು ಮಾತ್ರ.

ಒಂದು ಭಾನುವಾರ ಕೋವಿ ಹಿಡಿದು ಬಂದ. ಇನಾಸನಿಗೆ ಹೇಳಿರಲಿಲ್ಲ. ಹೇಳಿದರೆ ನಾನೂ ಬರುತ್ತೇನೆ ಅನ್ನುತ್ತಾನೆ, ಆ ಮಂಡಿಯಲ್ಲಿ ಅವನು ನಡೆಯುವುದನ್ನು ನೋಡಲಾಗುವುದಿಲ್ಲ. ಬೇಟೆ ಸಿಕ್ಕ ಮೇಲೆ ಅವನ ಪಾಲನ್ನು ಮನೆಗೇ ಕೊಟ್ಟು ಬಂದರಾಯಿತು ಎಂದುಕೊಂಡಿದ್ದ. ನನ್ನೆದುರಿನ ಹಳ್ಳದ ಆಚೆ ದಿಣ್ಣೆಯ ಮರೆಯಲ್ಲಿ ಬೇಟೆ ಕಾಯುತ್ತಾ ಮರಸು ಕೂತ. ಬೆಳಕು ಹರಿದಿತ್ತು, ಮಂಜು ಮಾತ್ರ ಕರಗಿರಲಿಲ್ಲ.

ಆರೂ ಹತ್ತೊಂಬತ್ತಕ್ಕೆ ಪೊದೆ ಅಲುಗಿತು. ನಾನು ಚಿತ್ರ ತೆಗೆದೆ. ಕಂಬಳಿ ಹೊದ್ದು ಬಗ್ಗಿದ ಇನಾಸ. ಹೂವಪ್ಪನಿಗೆ ಕಂಡದ್ದು ಮಂಜಿನಲ್ಲಿ ಕಂದು ಬಣ್ಣದ ಒಂದು ಬೆನ್ನು, ಅದೂ ಸರಿಯಾದ ಜಾಗದಲ್ಲಿ, ಸರಿಯಾದ ಸಮಯಕ್ಕೆ. ಆ ಸಮಯವನ್ನು ಹೇಳಿಕೊಟ್ಟವನು ನಾನು. ಕೂಗಿ ಎಚ್ಚರಿಸಲು ನನಗೆ ಬಾಯಿಲ್ಲ.

ಮುಂದಿನ ಚಿತ್ರದಲ್ಲಿ ಕಂಬಳಿ ನೆಲದ ಮೇಲಿದೆ. ಅದರ ಮುಂದಿನದರಲ್ಲಿ ಹೂವಪ್ಪ ಹಳ್ಳದ ನೀರನ್ನು ಎರಚಾಡಿಕೊಂಡು ಓಡಿ ಬರುತ್ತಿದ್ದಾನೆ, ಕೈಯಲ್ಲಿ ಕೋವಿಯಿಲ್ಲ.

"ಇನಾಸಣ್ಣ. ನಾನು, ಹೂವಪ್ಪ. ಇಲ್ನೋಡು."

ಇನಾಸ ಕಣ್ಣು ಬಿಟ್ಟ. ಯಾರು, ಏಕೆ ಎಂದು ಕೇಳಲಿಲ್ಲ. ಒಂದೊಂದೇ ಮಾತು ಎಳೆದು ಹೇಳಿದ: "ಇವತ್ತು ಅದು... ಈ ಕಡೆ ಬಂದಿಲ್ಲ ಕಣೋ. ಹೆಜ್ಜೆ ಇಲ್ಲ."

ಹೂವಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಇಬ್ಬರೂ ಅಲುಗಾಡದೆ ಇದ್ದುದರಿಂದ ಅಲ್ಲಿಂದ ನಾಲ್ಕು ನಿಮಿಷ ನನ್ನಲ್ಲಿ ಚಿತ್ರವಿಲ್ಲ. ಆಮೇಲಿನ ಒಂದೇ ಒಂದು ಚಿತ್ರದಲ್ಲಿ ಅವನು ಇನಾಸನನ್ನು ಬೆನ್ನಿಗೆ ಹಾಕಿಕೊಂಡು ಏರು ಹತ್ತುತ್ತಿದ್ದಾನೆ. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತೆಂದು ನನಗೆ ತಿಳಿದದ್ದು ಮಾರನೆಯ ದಿನ, ಮಹಜರಿಗೆ ಬಂದ ಪೊಲೀಸರ ಮಾತಿನಿಂದ. ನನ್ನನ್ನು ಬಿಚ್ಚಿಕೊಂಡು ಹೋಗಿ ಸುಟ್ಟುಹಾಕಲು ಹೂವಪ್ಪನಿಗೆ ಇಡೀ ಒಂದು ದಿನವಿತ್ತು. ಅವನು ಹಾಗೆ ಮಾಡಲಿಲ್ಲ. ತಾನೇ ಠಾಣೆಗೆ ಹೋಗಿ, ತಾನೇ ಅವರನ್ನು ಮತ್ತಿಮರದವರೆಗೆ ಕರೆತಂದಿದ್ದ.

ಅಂದಿನಿಂದ ನಾನು ಮುದ್ದೆಮಾಲು, ಕೇಸಿನ ಸಾಕ್ಷಿಗೆಂದು ಜಪ್ತಿಯಾದ ವಸ್ತು. ಕೊರಳಿಗೊಂದು ಚೀಟಿ, ಅದರ ಮೇಲೊಂದು ನಂಬರು. ವಿಚಾರಣೆಯ ದಿನ ನನ್ನನ್ನು ಮೇಜಿನ ಮೇಲಿಟ್ಟು, ಇದು ನಿನ್ನದೇ ಎಂದು ಕೇಳಿದರು. ಹೂವಪ್ಪ "ಹೌದು ಸ್ವಾಮಿ, ನನ್ನದೇ," ಎಂದ.

ಇನಾಸನ ಹೆಂಡತಿ ಲೂಸಿಬಾಯಿಯೂ ಬಂದಿದ್ದರು. ಕಲಾಪ ಮುಗಿದ ಮೇಲೆ, ಫೈಲಿನಲ್ಲಿದ್ದ ಆರೂ ಹತ್ತೊಂಬತ್ತರ ಚಿತ್ರವನ್ನು ಬೆರಳಿನಿಂದ ತೋರಿಸಿ ಗುಮಾಸ್ತರನ್ನು ಕೇಳಿದರು:

"ಸಾರ್, ಇದೊಂದು ನನಗೆ ಕೊಡ್ತೀರಾ? ಅವರದ್ದು ಈಚಿನ ಫೋಟೊ ಒಂದೂ ಇಲ್ಲ. ಮುಖ ಕಾಣದಿದ್ರೂ ಪರವಾಗಿಲ್ಲ."

"ಕೇಸು ಮುಗೀಲಿ ಅಮ್ಮ. ಆಮೇಲೆ ಅರ್ಜಿ ಹಾಕಿ."

ಬಾಗಿಲ ಬಳಿ ನಿಂತಿದ್ದ ಹೂವಪ್ಪ ಇದನ್ನು ಕೇಳಿಸಿಕೊಂಡ. ಬಾಗಿಲು ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದು ನಿಂತ. ಲೂಸಿಬಾಯಿ ಅವನನ್ನು ದಾಟಿಕೊಂಡು ಹೊರಗೆ ಹೋದರು.

ಇದಾಗಿ ಐದು ವರ್ಷ. ನಾನು ದಾಖಲೆ ಕೋಣೆಯ ಕೆಳಗಿನ ಅರೆಯಲ್ಲಿದ್ದೇನೆ. ತೆಗೆಯದೆ ಬಿಟ್ಟ ಬ್ಯಾಟರಿಗಳು ಒಸರಿ ನನ್ನ ಒಳಗನ್ನು ತಿಂದುಹಾಕಿವೆ. ಲೂಸಿಬಾಯಿ ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ. ಗುಮಾಸ್ತರು ಯಾರಿಗೋ ಹೇಳುತ್ತಿದ್ದರು. ಕೇಸಿಗೆ ಮುಂದಿನ ತಾರೀಖು ಬಿದ್ದಿದೆ. ಆ ಚಿತ್ರವನ್ನು ಇನ್ನು ಕೇಳುವವರು ಯಾರೂ ಇಲ್ಲ.